ತೂಬಿಗೆ ಬೆನ್ನು ಕೊಟ್ಟ ದೊರೆ

ಆಮೆ ಚಿಪ್ಪರಾಯನಿಗೆ ಒಂದು ಅಭ್ಯಾಸವಿತ್ತು. ಬೆಳಿಗ್ಗೆ ಕೆರೆಯ ನಡುವಿನ ಬಂಡೆ ಹತ್ತಿದ ಕೂಡಲೇ ಅವನು ನಿಧಾನವಾಗಿ ಅರ್ಧ ಸುತ್ತು ತಿರುಗಿ, ತೂಬಿಗೆ ಬೆನ್ನು ಮಾಡಿ ಕೂರುತ್ತಿದ್ದ. ಆಮೇಲೆ ಸಂಜೆಯವರೆಗೂ ನೀರಿನಲ್ಲಿ ತೇಲುವ ಮೋಡಗಳನ್ನು ನೋಡುತ್ತ ಕಣ್ಣು ಅರೆಮುಚ್ಚಿರುತ್ತಿದ್ದ.

ತೂಬು ಎಂದರೆ ಗೊತ್ತಲ್ಲ, ಮಕ್ಕಳೇ? ಕೆರೆಯ ನೀರನ್ನು ಗದ್ದೆಗೆ ಬಿಡುವ ಕಲ್ಲಿನ ಬಾಯಿ. ಚಿಪ್ಪರಾಯ ಸುಮ್ಮಸುಮ್ಮನೆ ಹಾಗೆ ಕೂರುತ್ತಿರಲಿಲ್ಲ. ಅವನ ಮನೆತನಕ್ಕೆ ಒಂದು ಬಿರುದಿತ್ತು: ‘ತೂಬಿಗೆ ಬೆನ್ನು ಕೊಟ್ಟ ದೊರೆ’. ಮೊದಲ ದೊರೆಗೆ ಅದನ್ನು ಕೆರೆಯವರೆಲ್ಲ ಸೇರಿ ಕೊಟ್ಟಿದ್ದರು. ಅವನಿಂದ ಹಿರಿಯ ಮಗನಿಗೆ, ಆ ಮಗನಿಂದ ಅವನ ಹಿರಿಯ ಮಗನಿಗೆ ಬಂತು. ನಾಲ್ಕನೆಯ ದೊರೆಗೆ ಇದ್ದವಳು ಮಗಳೊಬ್ಬಳೇ. ಹಾಗಾಗಿ ಬಿರುದು ದೂರದ ಬಾವಿಯಲ್ಲಿದ್ದ ದಾಯಾದಿಯೊಬ್ಬನನ್ನು ಹುಡುಕಿಕೊಂಡು ಹೋಯಿತು. ಚಿಪ್ಪರಾಯ ಏಳನೆಯವನು. ಬಿರುದು ಯಾಕೆ ಬಂತೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ತೂಬಿನತ್ತ ಬೆನ್ನು ತಿರುಗಿಸಿ ಕೂರಬೇಕು ಎಂಬುದಷ್ಟೇ ಉಳಿದಿತ್ತು.

ಆ ಬೇಸಿಗೆಯಲ್ಲಿ ಅವನ ಬೆನ್ನ ಹಿಂದೆ ಗಳಗಳ ಸದ್ದು ಶುರುವಾಯಿತು. ಯಾರೋ ತನ್ನ ವಂಶವನ್ನು ಹಾಡಿ ಹೊಗಳುತ್ತಿದ್ದಾರೆ ಎಂದುಕೊಂಡ ಚಿಪ್ಪರಾಯ ಹಾಯಾಗಿ ತೂಕಡಿಸಿದ.

“ದೊರೆಗಳೇ, ಸ್ವಲ್ಪ ಹಿಂದೆ ತಿರುಗಿ ನೋಡ್ರಿ!” ಎಂದು ಕಪ್ಪೆ ಗೊಣಗಮ್ಮ ಕೂಗಿದಳು. “ತೂಬಿನ ಪಕ್ಕ ತೂತು ಬಿದ್ದಿದೆ, ನೀರೆಲ್ಲ ಹೋಗ್ತಿದೆ!”

“ನಮ್ಮ ಮನೆತನದಲ್ಲಿ ಯಾರೂ ಹಿಂದೆ ತಿರುಗಿದವರಲ್ಲ, ಗೊಣಗಮ್ಮ.”

“ಹಾಗಾದ್ರೆ ಮುಂದೆನೇ ನೋಡಿ. ನೀವು ಕೂತ ಬಂಡೆ ಎಷ್ಟು ಮೇಲೆ ಬಂದಿದೆ!”

ಚಿಪ್ಪರಾಯ ಕೆಳಗೆ ನೋಡಿದ. ನಿಜ, ನೀರು ಬಹಳ ಕೆಳಗಿತ್ತು. “ಬಂಡೆ ಬೆಳೀತಿದೆ,” ಎಂದು ಮೆಲ್ಲಗೆ ನಕ್ಕ. “ದೊರೆ ಕೂತ ಜಾಗ ಅಲ್ವಾ!”

“ಇವರಿಗೆ ಚಿಪ್ಪು ಬೆನ್ನ ಮೇಲಲ್ಲ, ಕಿವಿ ಮೇಲಿದೆ,” ಎಂದು ಗೊಣಗುತ್ತ ಅವಳು ನೆಗೆದು ಹೋದಳು.

ಕೆಲವು ದಿನಗಳಾದ ಮೇಲೆ ಮುದಿ ಮೀನೊಂದು ಕೆಸರಿನಲ್ಲಿ ತೆವಳಿಕೊಂಡು ಬಂತು. ಉದ್ದ ಮೀಸೆಯಿದ್ದರೂ ಕೆರೆಗೆಲ್ಲ ಅವಳು ಅಜ್ಜಿ.

“ಮಗಾ, ನಿಮ್ಮ ಮೊದಲ ದೊರೆ ತೂಬಿಗೆ ಬೆನ್ನು ತಿರುಗಿಸಿದವನಲ್ಲ. ಇಂಥದೇ ಒಂದು ಬೇಸಿಗೆಯಲ್ಲಿ ತೂತಿಗೆ ತನ್ನ ಬೆನ್ನನ್ನೇ ಒಡ್ಡಿ, ಮಳೆ ಬರುವ ತನಕ ನೀರು ಹಿಡಿದು ನಿಂತವನು. ಬೆನ್ನು ಕೊಡೋದು ಅಂದ್ರೆ ಅದು.”

“ಅಜ್ಜಿ, ನಮ್ಮ ಬಿರುದಿನ ಅರ್ಥವನ್ನು ನೀವು ನಮಗೇ ಹೇಳಿಕೊಡ್ತೀರಾ?” ಎಂದು ಚಿಪ್ಪರಾಯ ಕಣ್ಣು ಮುಚ್ಚಿದ.

ಹಿಂದೆ ಎಲ್ಲೋ ಅವನ ತಂಗಿ ನೀರವ್ವನ ದನಿ ಕೇಳಿಸಿತು. “ಅಜ್ಜಿ, ಆ ತೂತು ಎಷ್ಟು ದೊಡ್ಡದು?”

“ಹೆಚ್ಚುಕಡಿಮೆ ನಿನ್ನ ಚಿಪ್ಪಿನಷ್ಟು, ಕಣೇ.”

ಸ್ವಲ್ಪ ಹೊತ್ತಿಗೆ ಗಳಗಳ ಸದ್ದು ನಿಂತೇ ಹೋಯಿತು. ಹೊಗಳಿಕೆ ನಿಂತಿತೇ? ಆ ಮೌನ ಚಿಪ್ಪರಾಯನಿಗೆ ತಡೆಯಲಾಗಲಿಲ್ಲ. ಏಳು ತಲೆಮಾರಿನಲ್ಲಿ ಮೊದಲ ಬಾರಿಗೆ ಒಬ್ಬ ದೊರೆ ಹಿಂದೆ ತಿರುಗಿದ.

ಕೆರೆಯಿದ್ದಲ್ಲಿ ಬಿರುಕು ಬಿಟ್ಟ ಕೆಸರು ಮಲಗಿತ್ತು. ತೂಬಿನ ಬಳಿ ಮಾತ್ರ ಬಟ್ಟಲಿನಷ್ಟು ನೀರು; ಅದರಲ್ಲಿ ಮೀನುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ಉಸಿರಾಡುತ್ತಿದ್ದವು. ತೂಬಿನ ಪಕ್ಕದ ಗೋಡೆಯ ತೂತಿನಲ್ಲಿ ನೀರವ್ವನ ಚಿಪ್ಪು ಬಿಗಿಯಾಗಿ ಕೂತಿತ್ತು.

“ನಮ್ಮ ದೊರೆ ನೀರವ್ವ!” ಎಂದು ಮರಿಮೀನುಗಳು ಕೂಗಿದವು.

“ಹೆಣ್ಣಿಗೆ ಬಿರುದು ಬರೋದಿಲ್ಲ…” ಚಿಪ್ಪರಾಯ ತೊದಲಿದ.

“ಬಿರುದು ನೀವೇ ಇಟ್ಕೊಳ್ಳಿ, ಸ್ವಾಮಿ. ನಮಗೆ ನೀರು ಸಾಕು,” ಎಂದಳು ಗೊಣಗಮ್ಮ.

ಚಿಪ್ಪರಾಯ ಬಂಡೆ ಇಳಿದ. ಸುಡುವ ಕೆಸರನ್ನು ದಾಟಿ ತಂಗಿಯ ಹತ್ತಿರ ಬರುವಷ್ಟರಲ್ಲಿ ಸಂಜೆಯಾಯಿತು. ಮಳೆಗಾಲ ಇನ್ನೂ ದೂರವಿತ್ತು. ನೀರವ್ವ ಕಾಲುಗಳನ್ನು ಕಲ್ಲಿಗೆ ಊರಿ ನಿಂತಿದ್ದಳು. ಅವಳು ಒಂದಿಷ್ಟು ಅಲ್ಲಾಡಿದರೂ ಉಳಿದ ನೀರು ಹರಿದುಹೋಗುತ್ತಿತ್ತು.

“ನೀರವ್ವಾ,” ಎಂದು ಅವನು ಮೆತ್ತಗೆ ಕೇಳಿದ, “ಒಂದೇ ಒಂದು ದಿನ ಆ ಜಾಗ ನನಗೆ ಬಿಟ್ಟುಕೊಡ್ತೀಯಾ?”

ನೀರವ್ವ ಕಣ್ಣು ಮುಚ್ಚಿ, ಕಲ್ಲಿಗೆ ಇನ್ನಷ್ಟು ಒತ್ತಿ ನಿಂತಳು.

ನೀತಿ: ಹಿರಿಯರ ಬಿರುದು ಹುಟ್ಟಿನಿಂದ ಬರಬಹುದು, ಆದರೆ ಅವರು ಮಾಡಿದ ಕೆಲಸವನ್ನು ನಾವೇ ಮಾಡಬೇಕು, ಅದೂ ಹೊತ್ತು ಮೀರುವ ಮೊದಲು.