ಎಮ್ಮೆಯ ಲೆಕ್ಕ, ಎಂಜಿನ್ನಿನ ಬ್ರೇಕು

ಹಳಿಯ ಮೇಲೆ ಮಲಗುವುದು ಆ ಎಮ್ಮೆಯ ಅಭ್ಯಾಸ. ನಿಧಾನವಾಗಿ ಬರುತ್ತಿದ್ದ ರೈಲು ಎಂಜಿನ್ ಅದನ್ನು ಕಂಡು ಬ್ರೇಕು ಹಾಕಿತು. ಹಳಿ ಪಕ್ಕದ ಒಂದು ಕಂಬದಿಂದ ಇನ್ನೊಂದಕ್ಕೆ ಎಷ್ಟು ದೂರವೋ ಅಷ್ಟು ಜಾರಿ, ಎಮ್ಮೆಯ ಮೂಗಿನ ಮುಂದೆ ನಿಂತಿತು.

“ನಾಳೆ ಇದರ ಎರಡರಷ್ಟು ವೇಗದಲ್ಲಿ ಬರುತ್ತೇನೆ. ಬೇರೆ ಕಡೆ ಮಲಗು,” ಎಂದಿತು ಎಂಜಿನ್.

“ಅದಕ್ಕೇನಂತೆ? ಎರಡು ಕಂಬ ದೂರದಲ್ಲೇ ಬ್ರೇಕು ಹಾಕು,” ಎಂದಿತು ಎಮ್ಮೆ, ಮೆಲುಕು ಹಾಕುತ್ತಲೇ.

“ಸಾಲದು. ಬ್ರೇಕಿನ ಹಿಡಿತ ನಾಳೆಯೂ ಇಷ್ಟೇ. ಎರಡರಷ್ಟು ವೇಗ ಇಳಿಯಲು ಎರಡರಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ನಾನು ಓಡುವುದೂ ಎರಡರಷ್ಟು ಜೋರಾಗಿಯೇ. ನಾಲ್ಕು ಕಂಬ ಬೇಕು.”

“ನನಗೇ ಲೆಕ್ಕ ಹೇಳಿಕೊಡುತ್ತೀಯಾ? ವೇಗ ಎರಡರಷ್ಟಾದರೆ ದೂರವೂ ಎರಡರಷ್ಟೇ,” ಎಂದು ಎಮ್ಮೆ ಕಣ್ಣು ಮುಚ್ಚಿತು.

ಮರುದಿನವೂ ಎಮ್ಮೆ ಅಲ್ಲೇ ಇತ್ತು. ಎಂಜಿನ್ ನಾಲ್ಕು ಕಂಬ ದೂರದಲ್ಲೇ ಬ್ರೇಕು ಒತ್ತಿತು. ಎರಡು ಕಂಬ ಉಳಿದಾಗಲೂ ಅದರ ಓಟ ಅರ್ಧಕ್ಕಿಳಿದಿರಲಿಲ್ಲ. ಗಾಲಿಗಳು ಕಿರುಚಿದವು. ಕೊನೆಗೂ ಎಮ್ಮೆಯ ಮೂಗಿನ ಮುಂದೆಯೇ ನಿಂತಿತು.

ಎಮ್ಮೆ ಒಂದು ಕಣ್ಣು ತೆರೆಯಿತು. “ನೋಡಿದೆಯಾ? ನನ್ನ ಲೆಕ್ಕವೇ ಸರಿ. ಬದುಕಿಲ್ಲವೇ ನಾನು?”

“ಬದುಕಿದ್ದೀಯೆ,” ಎಂದಿತು ಎಂಜಿನ್. “ನಾನು ಬ್ರೇಕು ಹಾಕಿದ್ದು ನನ್ನ ಲೆಕ್ಕದಂತೆ.”