ರಾಣಿಯನ್ನು ಕೊಂದ ಮಾತು

"ಕೇಳಿರಪ್ಪೋ ಕೇಳಿ! ಮರಳಕೇರಿಯ ಹೊನ್ನರಸರ ಅಪ್ಪಣೆ! ಇಂಗ್ಲಿಷರ ಮಾತು, ಡಚ್ಚರ ಮಾತು ಎರಡನ್ನೂ ಬಲ್ಲವರು ಯಾರಿದ್ದರೂ ಅರಮನೆಗೆ ಬನ್ನಿ! ರಾಜಕುಮಾರಿ ಪದ್ಮಲಾದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನೇ ಅರಮನೆಯ ದುಭಾಷಿ, ಅವನು ಬೇಡಿದ್ದು ಅವನಿಗೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆ ಹೋಗುತ್ತದೆ!"

ಡಂಗುರದ ಸದ್ದು ಕಡಲ ದಂಡೆಗೂ ಬಂತು. ಅಲ್ಲಿ ಹಾಯಿ ಹೊಲಿಯುತ್ತಿದ್ದ ಜಟ್ಟಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ನಿಂತ. ಅವನ ಸಿಟ್ಟು ಇನ್ನು ತಡೆಯುವಂತಿರಲಿಲ್ಲ. ಅವನಿಗೆ ಅಕ್ಷರ ಕಲಿಸಿದ ಮುದುಕ ವಾಮನಯ್ಯ ಅದೇ ಅಮಾವಾಸ್ಯೆಗೆ ಸಾಯಬೇಕಿತ್ತು.

ಆಗಿದ್ದು ಇಷ್ಟು. ಯುವರಾಜ ಮಲ್ಲರಸ ಇಂಗ್ಲಿಷರ ಹಡಗು ಹತ್ತಿ ಹೋಗಿದ್ದ. ಕೊಚ್ಚಿಯಿಂದ ಆ ಹಡಗಿನ ಕಪ್ತಾನನ ಕಾಗದ ಬಂತು. ಇಂಗ್ಲಿಷ್ ಓದುವವರು ಅರಮನೆಯಲ್ಲಿ ಇರಲಿಲ್ಲ. ಡಚ್ಚರ ವ್ಯಾಪಾರದ ಕೋಠಿಯ ಗುಮಾಸ್ತ ಅದನ್ನು ತನ್ನ ಭಾಷೆಗೆ ತಿರುಗಿಸಿದ, ದುಭಾಷಿ ವಾಮನಯ್ಯ ಅದನ್ನು ಕನ್ನಡದಲ್ಲಿ ಹೇಳಿದ: "ಯುವರಾಜರು ನಮ್ಮನ್ನು ಬಿಟ್ಟು ಹೋದರು." ಅರಮನೆಯಲ್ಲಿ ಗೋಳೋ ಎಂದು ಅಳು ಎದ್ದಿತು. ಹಾಸಿಗೆ ಹಿಡಿದ ರಾಣಿ ಒಂಬತ್ತನೆಯ ದಿನ ತೀರಿಕೊಂಡಳು. ಆರು ತಿಂಗಳ ಮೇಲೆ ಯುವರಾಜ ತನ್ನ ಕಾಲ ಮೇಲೆಯೇ ನಡೆದು ಬಂದ. ಕಪ್ತಾನನ ಸಂಗಡ ಜಗಳವಾಡಿ ಕೊಚ್ಚಿಯಲ್ಲಿ ಹಡಗು ಇಳಿದಿದ್ದನಂತೆ, ಅಷ್ಟೇ. ಅರಸ ಆ ಹೊತ್ತಿಗೇ ವಾಮನಯ್ಯನನ್ನು ಸೆರೆಗೆ ನೂಕಿಸಿದ. ಈಗ ಬಂದರಿನಲ್ಲಿ ಇಂಗ್ಲಿಷರ ಹಡಗುಗಳು ನಿಂತಿದ್ದವು, ಅವರ ಕಾಗದ ಓದುವವರೇ ಇರಲಿಲ್ಲ.

ಜಟ್ಟಿ ಡಚ್ಚರ ಹಡಗಿನಲ್ಲಿ ಐದು ವರ್ಷ ಹಾಯಿ ಹೊಲಿದವನು. ಅಲ್ಲಿನ ಅರ್ಧ ಆಳುಗಳು ಇಂಗ್ಲಿಷರು. ಬೈಗುಳದಿಂದ ಹಿಡಿದು ಪ್ರಾರ್ಥನೆಯವರೆಗೆ ಎರಡೂ ಭಾಷೆ ಅವನ ನಾಲಗೆಗೆ ಹತ್ತಿದ್ದವು, ಓದಲೂ ಕಲಿತಿದ್ದ. ಮೈಮೇಲಿನ ಡಾಂಬರಿನ ಕಲೆಯನ್ನೂ ಒರೆಸಿಕೊಳ್ಳದೆ ಅರಮನೆಗೆ ನಡೆದ.

ಅವನು ಬರುವಷ್ಟರಲ್ಲಿ ಏಳು ಮಂದಿ ತಪ್ಪು ಹೇಳಿ ಸೆರೆ ಸೇರಿದ್ದರು. ಸಭೆಯಲ್ಲಿ ಈಗ ಜರಿ ಶಾಲಿನ ಸಾಹುಕಾರನೊಬ್ಬ ನಿಂತಿದ್ದ. ರಾಜಕುಮಾರಿ ಕೇಳಿದಳು: "ಇಂಗ್ಲಿಷರಲ್ಲಿ ಒಂದು ಮಾತಿದೆ. ಸಾಯುವ ತಂದೆ ಅದನ್ನು ಆಡಿದರೆ ಮಗನ ಕೈ ತುಂಬುತ್ತದೆ. ಗಟ್ಟಿಮುಟ್ಟಾದ ತಂದೆ ಆಡಿದರೆ ಮಗನ ಕೈ ಬರಿದಾಗುತ್ತದೆ. ಯಾವುದದು?"

"ಕೊಡುವುದು," ಎಂದ ಸಾಹುಕಾರ. ಭಟರು ಅವನ ರಟ್ಟೆ ಹಿಡಿದರು.

ಗೋವೆಯಿಂದ ಬಂದ ಪಂಡಿತನೊಬ್ಬ ಮುಂದೆ ಬಂದು "ಲೀವ್" ಎಂದ. ರಾಜಕುಮಾರಿ ಹೌದೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದಳು: "ಆ ಒಂದು ಮಾತು ಡಚ್ಚರ ಮನೆ ಹೊಕ್ಕರೆ ಮೂರು ಬಾಗಿಲಿಂದ ಹೊರಬರುತ್ತದೆ. ಒಂದು ಬಾಗಿಲಿಂದ ಮನುಷ್ಯ ಪ್ರಯಾಣ ಹೊರಡುತ್ತಾನೆ. ಇನ್ನೊಂದರಲ್ಲಿ ಅವನ ಸಾಮಾನು ಹಿಂದೆಯೇ ಉಳಿಯುತ್ತದೆ. ಮತ್ತೊಂದರಲ್ಲಿ ಅವನೇ ಉಳಿಯುವುದಿಲ್ಲ, ಸಾಮಾನು ಮಕ್ಕಳದಾಗುತ್ತದೆ."

"ಫೆರ್‌ಟ್ರೆಕೆನ್, ಆಖ್ಟರ್‌ಲಾಟೆನ್, ನಾಲಾಟೆನ್," ಎಂದ ಪಂಡಿತ, ಮೀಸೆ ತಿರುವುತ್ತ.

"ಮೂರನೆಯದು. ನನ್ನ ತಾಯಿಯನ್ನು ಕೊಂದವರು ಕತ್ತಿ ಹಿಡಿಯಲಿಲ್ಲ, ವಿಷ ಇಕ್ಕಲಿಲ್ಲ. ಅವರು ಯಾರು?"

"ಇದಕ್ಕೆ ಪಾಂಡಿತ್ಯವೇ ಬೇಡ. ದುಭಾಷಿ ವಾಮನಯ್ಯ!"

ಅರಸ ಹೌದೆಂಬಂತೆ ತಲೆದೂಗಿದ. ರಾಜಕುಮಾರಿ ಮಾತ್ರ "ತಪ್ಪು" ಎಂದಳು. ಪಂಡಿತನನ್ನೂ ಎಳೆದೊಯ್ದರು. ಅಲ್ಲಿಗೆ ವಾಮನಯ್ಯನೂ ಸೇರಿ ಸೆರೆಯಲ್ಲಿದ್ದವರು ಹತ್ತು ಮಂದಿಯಾದರು.

ಜಟ್ಟಿ ಮುಂದೆ ಬಂದ. ಅವನ ಅಂಗಿ ನೋಡಿ ಯಾರೋ ನಕ್ಕರು.

"ಒಗಟನ್ನು ಮತ್ತೆ ಕೇಳುವುದು ಬೇಡ ತಾಯಿ, ಬಾಗಿಲಲ್ಲೇ ಕೇಳಿಸಿಕೊಂಡೆ," ಎಂದ. "ಮೊದಲ ಮಾತು ಲೀವ್. ಸಾಯುವ ಅಪ್ಪ ಆಸ್ತಿ ಬಿಟ್ಟು ಹೋಗುತ್ತಾನೆ, ಬೇಜವಾಬ್ದಾರಿ ಅಪ್ಪ ಮಗನನ್ನೇ ಬಿಟ್ಟು ಹೋಗುತ್ತಾನೆ. ಎರಡನೆಯದಕ್ಕೆ ಪಂಡಿತರು ಹೇಳಿದ್ದು ಸರಿ. ಊರು ಬಿಟ್ಟು ಹೊರಡುವುದು ಫೆರ್‌ಟ್ರೆಕೆನ್, ಕೊಡೆ ಮರೆತು ಬಿಟ್ಟು ಬರುವುದು ಆಖ್ಟರ್‌ಲಾಟೆನ್, ಮಕ್ಕಳಿಗೆ ಮನೆ ಬಿಟ್ಟು ಸಾಯುವುದು ನಾಲಾಟೆನ್. ಆದರೆ ಬಾಗಿಲು ಮೂರಲ್ಲ, ನಾಲ್ಕು. ನಾಲ್ಕನೆಯದು ಫೆರ್‌ಲಾಟೆನ್. ಜೊತೆಗಿದ್ದವರನ್ನು ತೊರೆದು ಹೋದರೂ ಅದೇ ಮಾತು, ಪ್ರಾಣ ಬಿಟ್ಟು ಹೋದರೂ ಅದೇ ಮಾತು. ಕೋಠಿಯ ಗುಮಾಸ್ತ ಬರೆದದ್ದು ಅದನ್ನೇ. ನಮ್ಮ 'ಬಿಟ್ಟು ಹೋದರು' ಕೂಡ ಹಾಗೆಯೇ. ವಾಮನಯ್ಯ ಇದ್ದದ್ದನ್ನು ಇದ್ದ ಹಾಗೆ ಹೇಳಿದರು."

"ಹಾಗಾದರೆ ಕೊಂದವರು?" ಎಂದಳು ರಾಜಕುಮಾರಿ.

"ವಾಮನಯ್ಯನ ಹೆಂಡತಿ ನನಗೆಲ್ಲ ಹೇಳಿದ್ದಾರೆ. 'ಈ ಮಾತಿಗೆ ಎರಡು ಅರ್ಥವಿದೆ, ಮೂರು ದಿನ ಕೊಡಿ, ಕೊಚ್ಚಿಗೆ ಆಳು ಕಳಿಸಿ ಕೇಳಿ ತಿಳಿಯುತ್ತೇನೆ' ಎಂದು ಆ ಮುದುಕರು ಕಾಲು ಹಿಡಿದರಂತೆ. ಅವರನ್ನು ಒದ್ದು ಹೊರಗೆ ಹಾಕಿ, ಯುವರಾಜ ಸತ್ತನೆಂದು ಊರಿಗೆಲ್ಲ ಸಾರಿಸಿದವರು ಯಾರು? ಅವರೇ ರಾಣಿಯನ್ನು ಕೊಂದವರು. ಅಗೋ, ಸಿಂಹಾಸನದ ಮೇಲೆ ಕೂತಿದ್ದಾರೆ!"

ಅರಸ ಕತ್ತಿ ಹಿರಿದು ಎದ್ದ. ಜಟ್ಟಿ ಕದಲಲಿಲ್ಲ.

"ಉತ್ತರ ಸರಿಯಾಗಿದೆ," ಎಂದಳು ರಾಜಕುಮಾರಿ. "ಕತ್ತಿ ಕೆಳಗಿಡಿ, ಅಪ್ಪಾಜಿ. ಅಂದು ನಾನು ಅಮ್ಮನ ಪಕ್ಕದಲ್ಲೇ ಇದ್ದೆ, ಎಲ್ಲ ನೋಡಿದೆ. ಆ ಮಾತಿನ ಅರ್ಥಗಳನ್ನು ಆಮೇಲೆ ಕೋಠಿಯವರಿಂದ ಕೇಳಿ ತಿಳಿದೆ."

ಆಗ ಜಟ್ಟಿಯ ಸಿಟ್ಟು ಅವಳ ಕಡೆಗೆ ತಿರುಗಿತು. "ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ಹತ್ತು ಜನರನ್ನು ಸಾಯಲಿಕ್ಕೆ ಕೂಡಿಹಾಕಿದಿರಾ?"

"ಮಗಳು ಹೇಳಿದರೆ ಅಳುಬುರುಕಿಯ ಮಾತು ಎನ್ನುತ್ತಿದ್ದರು. ಹೊರಗಿನವರೊಬ್ಬರು ತುಂಬಿದ ಸಭೆಯಲ್ಲಿ ಹೇಳಬೇಕಿತ್ತು."

"ನಿಮ್ಮ ಬಾಯಿಗೆ ಬರದ ಮಾತಿಗೆ ಬೇರೆಯವರ ಕುತ್ತಿಗೆ ಯಾಕೆ ತಾಯಿ?"

ಅವಳು ತಲೆ ತಗ್ಗಿಸಿದಳು. ಅರಸ ಕತ್ತಿಯನ್ನು ಕೆಳಗಿಟ್ಟ. ಜಟ್ಟಿಯ ಕಡೆ ತಿರುಗಿ, "ಬೇಡಿಕೋ," ಎಂದ.

"ಸೆರೆಮನೆಯ ಬಾಗಿಲು ಈಗಲೇ ತೆಗೆಯಬೇಕು. ಇನ್ನು ಮುಂದೆ ದುಭಾಷಿ 'ಗೊತ್ತಿಲ್ಲ, ಕೇಳಿ ಬರುತ್ತೇನೆ' ಎಂದರೆ ಅರಸರೂ ಕಾಯಬೇಕು."

ಎರಡೂ ನಡೆದವು. ಹತ್ತು ಮಂದಿ ಹೊರಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ ಬಂದ ವಾಮನಯ್ಯನನ್ನು ಜಟ್ಟಿ ಮಗುವಿನಂತೆ ಎತ್ತಿಕೊಂಡು ಮನೆಗೆ ಹೋದ. ಮರುದಿನವೇ ಅವನಿಗೆ ದುಭಾಷಿಯ ಪೇಟ ಬಂತು, ಬಂದರಿನ ಬಳಿ ಹೆಂಚಿನ ಮನೆಯೂ ಬಂತು.

ಅವನು ಪೇಟ ಸುತ್ತಿ ಕೂತ ಮೊದಲ ದಿನವೇ ಕಪ್ತಾನನೊಬ್ಬನ ಕಾಗದ ಬಂತು. ಜಟ್ಟಿ ಅದನ್ನು ಎರಡು ಸಲ ಓದಿ, ಒಂದು ಮಾತಿನ ಮೇಲೆ ಬೆರಳಿಟ್ಟ.

"ಏನು ಬರೆದಿದ್ದಾನೆ?" ಎಂದ ಅರಸ.

"ಗೊತ್ತಿಲ್ಲ. ಕೇಳಿ ಬರುತ್ತೇನೆ."

ಅರಸನ ಕೈ ಕತ್ತಿಯ ಹಿಡಿಗೆ ಹೋಗಿ ಹಿಂದೆ ಬಂತು.

"ಹೋಗಿ ಬಾ," ಎಂದ ಅರಸ, ಮತ್ತು ಸಂಜೆಯವರೆಗೆ ಕೂತಲ್ಲೇ ಕಾದ.