ಗೂಡು ಮೀರಿದ ಕಲ್ಲು

ಸಂದೇಶಗಳು ಸರದಿ ಕಾಯುವ ಕ್ಯೂಗಳಿಗೆ ಮಿತಿಯೇ ಇಡದೆ, ಅವು ಉಕ್ಕಿ, ಮೆಮೊರಿ ಮುಗಿದು ಸರ್ವರ್ ನೆಲಕಚ್ಚಿದ ದಿನ, ಅದನ್ನು ನೋಡಿಕೊಳ್ಳುತ್ತಿದ್ದ ವಾರಿಜಾ ಮೇಡಂ ಆರಿಹೋದ ಚಹಾ ಮುಂದಿಟ್ಟುಕೊಂಡು ಹೇಳಿದ ಕಥೆ ಇದು.

ಹೊಳೆದಂಡೆಯಲ್ಲೊಂದು ಮಠ. ಆಚೆ ದಡಕ್ಕೆ ಮಾತು ಕಳಿಸುವವರು ಅದನ್ನು ಶಿಷ್ಯ ಸಂಗಯ್ಯನ ಕಿವಿಗೆ ಹಾಕಿ, ಜಗುಲಿಯ ಗೂಡಿನಲ್ಲಿ ಒಂದು ಕಲ್ಲಿಟ್ಟು ಹೋಗುವರು. ಸಂಜೆ ಅವನು ಕಲ್ಲುಗಳನ್ನು ಸಾಲಾಗಿ ಮುಟ್ಟುತ್ತ, ಒಂದೊಂದೇ ಮಾತು ನೆನೆದು ಅಂಬಿಗನಿಗೆ ಒಪ್ಪಿಸುವನು.

ಗೂಡು ಚಿಕ್ಕದು. ಒಂದು ಸಂಜೆಗೆ ನೆನೆಯಬಲ್ಲಷ್ಟೇ ಕಲ್ಲು ಹಿಡಿಯಲೆಂದು ಗುರುಗಳೇ ಹಾಗೆ ಕಟ್ಟಿಸಿದ್ದು.

ಆ ಸಲ ಹೊಳೆ ಏರಿ ಹರಿಗೋಲು ನಿಂತಿತು. ಜನ ನಿಲ್ಲಲಿಲ್ಲ. ಗೂಡು ತುಂಬಿತು. ಯಾರಿಗೂ ಇಲ್ಲವೆನ್ನಲಾರದ ಸಂಗಯ್ಯ ಕಲ್ಲುಗಳನ್ನು ಬುಟ್ಟಿಗೆ ಸುರಿದು ಜಾಗ ಮಾಡಿದ. ನೆನಪು ಗಟ್ಟಿಯಿದೆ ಎಂಬ ಧೈರ್ಯ.

ಹೊಳೆ ಇಳಿದ ದಿನ ನೀಲವ್ವ ಓಡಿ ಬಂದಳು.

"ನಮ್ಮವರಿಗೆ ಜ್ವರ ನೆತ್ತಿಗೇರೇದ. ಆಚೆ ದಂಡಿ ವೈದ್ಯರಿಗೆ ಹೇಳಿ ಕಳಸ್ತೀಯೇನೋ ತಮ್ಮಾ?"

"ಸಂಜಿಗೆ ಹರಿಗೋಲು ಹೊಂಟದ. ನಿಶ್ಚಿಂತಿ ಹೋಗಕ್ಕಾ."

ಕಲ್ಲಿಟ್ಟು ಹೋದಳು. ಅವಳ ಹಿಂದೆ ಬಂದವರಿಗೆ ಜಾಗ ಬೇಕಾಗಿ ಆ ಕಲ್ಲೂ ಬುಟ್ಟಿಗೆ ಬಿತ್ತು.

ಸಂಜೆ ಸಂಗಯ್ಯ ಅಂಬಿಗನಿಗೆ ಎಮ್ಮೆ ಈದ ಸುದ್ದಿ ಹೇಳಿದ, ಮದುವೆಯ ಕರೆ ಹೇಳಿದ, ಗಂಟಲು ಒಣಗುವವರೆಗೆ ಹೇಳಿದ. ಎಲ್ಲ ಹೇಳಿದೆ ಎಂದುಕೊಂಡ.

ಎರಡು ದಿನ ಬಿಟ್ಟು ನೀಲವ್ವ ಮತ್ತೆ ಬಂದಳು. ಕೈಯಲ್ಲಿ ಬಳೆಗಳಿರಲಿಲ್ಲ.

"ಬಾಗಿಲು ತಗದಿಟ್ಟು ಕಾದೆ. ವೈದ್ಯರು ಬರಲಿಲ್ಲ. ಈಗ ಮಣ್ಣು ಮಾಡಿ ಬಂದೆ."

ಗುರುಗಳು ಬುಟ್ಟಿಯನ್ನು ಶಿಷ್ಯನ ಮುಂದೆ ಬೋರಲು ಹಾಕಿದರು.

"ಇದರಾಗ ನೀಲವ್ವನ ಕಲ್ಲು ಯಾವುದಪಾ?"

ಸಂಗಯ್ಯ ಒಂದನ್ನೆತ್ತಿದ. ಇಟ್ಟ. ಇನ್ನೊಂದನ್ನೆತ್ತಿದ. ಎಲ್ಲವೂ ಹೊಳೆಯ ಕಲ್ಲೇ.

"ಇಲ್ಲ ಅನ್ನಾಕ ಬಾಯಿ ಬರಲಿಲ್ರೀ ಅಜ್ಜಾರ."

"ಅಂದಿದ್ರ, ದೂರ ಆದ್ರೂ ಸೇತುವಿ ಸುತ್ತಿ ನಾನೇ ಹೋಗತಿದ್ದೆ," ಎಂದಳು ನೀಲವ್ವ. ಬೈಯಲೂ ಇಲ್ಲ. ಬಂದ ದಾರಿ ಹಿಡಿದಳು.

ಹೊಳೆ ಮತ್ತೆ ಏರತೊಡಗಿತ್ತು. ಗೂಡು ಬೆಳಿಗ್ಗೆಯೇ ತುಂಬಿತ್ತು. ಜಗುಲಿಯ ಕೆಳಗೆ ಇನ್ನೂ ಜನ, ಕೈಯಲ್ಲಿ ಒಂದೊಂದು ಕಲ್ಲು.

"ಇವರಿಗೆಲ್ಲ ಏನಂತ ಹೇಳಲಿ?" ಸಂಗಯ್ಯ ಗುರುಗಳನ್ನು ಕೇಳಿದ.

ಗುರುಗಳು ಬರಿದಾದ ಬುಟ್ಟಿಯನ್ನು ಹೊಳೆಗೆ ಬಿಟ್ಟರು.

"ಗೂಡು ತುಂಬೇದ ಅಂತ ಹೇಳು. ಕೇಳಿದವರು, ಹಿಂದ ಬರೋರಿಗೂ ಹೇಳ್ಕೋತ ಹೋಗಲಿ."